ಪೆಟ್ಟಾದ ಕಾಲು, ಹಿಡಿಯುವ ಕೈ

ಅಮೆರಿಕದ ಫುಟ್‌ಬಾಲ್ ನನಗೆ ಅರ್ಥವಾದದ್ದು ಕುಸ್ತಿಯ ದಾರಿಯಿಂದ. ಬೀದರ ಪಕ್ಕದ ಕಮಠಾಣದಲ್ಲಿ ಬೆಳೆದವನಿಗೆ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಚೆಂಡು. ಇಲ್ಲಿ ಅಮೆರಿಕದಲ್ಲಿ ನೋಡಿದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನೊಬ್ಬ, ಅವನನ್ನು ಕೆಡವಲು ನುಗ್ಗುವವರು ಹನ್ನೊಂದು ಮಂದಿ. ಡೌನು, ಯಾರ್ಡುಗಳ ಲೆಕ್ಕ ತಲೆಗೆ ಹತ್ತಲು ತಡವಾಯಿತು. ಆದರೆ ಒಬ್ಬ ಇನ್ನೊಬ್ಬನನ್ನು ಎಲ್ಲಿ ಹಿಡಿಯುತ್ತಾನೆ, ಹೇಗೆ ಕೆಡವುತ್ತಾನೆ, ಬಿದ್ದವನ ಮೇಲೆ ಏನು ಮಾಡುತ್ತಾನೆ ಎಂದು ನೋಡುವ ಕಣ್ಣು ಊರಿನಿಂದಲೇ ಬಂದಿತ್ತು.

ನಮ್ಮವರ ಮಕ್ಕಳಲ್ಲಿ ಕೆಲವರು ಈಗ ಹೈಸ್ಕೂಲ್ ತಂಡಗಳಲ್ಲಿ ಆಡುತ್ತಾರೆ. ಉಳಿದವರು ಶನಿವಾರ ಬಂತೆಂದರೆ ತಮ್ಮ ಕಾಲೇಜಿನ ಬಣ್ಣದ ಅಂಗಿ ತೊಟ್ಟು ಟೀವಿ ಮುಂದೆ ಕೂರುತ್ತಾರೆ. ಅವರ ಜೊತೆ ಕೂತಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ. ಎದುರಾಳಿಗೆ ಮೊದಲೇ ಪೆಟ್ಟಾಗಿದೆ ಎಂದು ಗೊತ್ತಿದ್ದರೆ, ಆ ಪೆಟ್ಟನ್ನೇ ಹುಡುಕಿಕೊಂಡು ಹೋಗಬಹುದೆ?

ಬೀದರ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಇಲ್ಲದಿದ್ದರೆ ಜಾತ್ರೆ ಮುಗಿದಂತೆ ಅನಿಸುವುದಿಲ್ಲ. ಶಿವರಾತ್ರಿ ಹೊತ್ತಿಗೆ ನಡೆಯುವ ಔರಾದ ಅಮರೇಶ್ವರ ಜಾತ್ರೆಗೆ ದೇವಣಿ ದನಗಳೂ ಬರುತ್ತವೆ, ಪೈಲ್ವಾನರೂ ಬರುತ್ತಾರೆ. ಗಡಿ ದಾಟಿ ಉದಗೀರ, ಲಾತೂರ, ನಾಂದೇಡ ಕಡೆಯವರು, ಇತ್ತ ತೆಲಂಗಾಣದವರು. ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಕೊನೆಗೆ ಬೆಳ್ಳಿ ಕಡಗದ ಜಂಗಿ ಕುಸ್ತಿಗೆ ಮುಗಿಯುತ್ತದೆ. ಕಣದಲ್ಲಿ ತಕ್ಕಡಿ ಇರುವುದಿಲ್ಲ. ಜೋಡಿ ಹಚ್ಚುವ ಹಿರಿಯರು ಭುಜ, ತೊಡೆ, ವಯಸ್ಸು ಕಣ್ಣಲ್ಲೇ ಅಳೆಯುತ್ತಾರೆ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದವನು ಸುತ್ತ ಕೂತವರಿಗೆಲ್ಲ ಕಾಣುತ್ತಾನೆ, ಎದುರಿಗೆ ನಿಂತವನಿಗಂತೂ ಎಲ್ಲರಿಗಿಂತ ಮೊದಲು ಕಾಣುತ್ತಾನೆ. ಇಂಥ ಹೊತ್ತಿನಲ್ಲಿ ಉಸ್ತಾದರೊಬ್ಬರು ತಮ್ಮ ಹುಡುಗನ ಕಿವಿಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ: “ಅವನ ಮೊಣಕಾಲಿಗಿ ಪೆಟ್ಟಾಗ್ಯಾದ. ಎಡಕ್ಕ ಲಗೂನ ತಿರುಗ್ಲಿಕ್ಕ ಬರಂಗಿಲ್ಲ ಅವನಿಗಿ, ನೀ ಆ ಕಡಿಂದ ಹೋಗು. ಆದ್ರ ಆ ಕಾಲ್ ಹಿಡದು ತಿರುವಬ್ಯಾಡ.”

ಈ ಮಾತಿನಲ್ಲಿ ಎರಡು ಸಲಹೆಗಳಿವೆ. ಎದುರಾಳಿ ನಿಧಾನವಾಗಿದ್ದಾನೆ, ಆ ನಿಧಾನವನ್ನು ಲೆಕ್ಕಕ್ಕೆ ತೆಗೆದುಕೊ ಎನ್ನುವುದು ಒಂದು. ಅವನ ನೋವನ್ನು ಹೆಚ್ಚಿಸಿ ಗೆಲ್ಲಬೇಡ ಎನ್ನುವುದು ಇನ್ನೊಂದು. ಮೊದಲನೆಯದು ಆಟ. ಎರಡನೆಯದನ್ನು ಮೀರಿದರೆ ಅದು ಬೇರೆ ಏನೋ ಆಗುತ್ತದೆ. ಅಲ್ಲಿ ದಯೆಯ ಮಾತಿಲ್ಲ ಎಂಬುದನ್ನೂ ಗಮನಿಸಬೇಕು. ಪೆಟ್ಟಾದವನಿಗೆ ಸೋತುಕೊಡು ಎಂದು ಉಸ್ತಾದರು ಹೇಳಲಿಲ್ಲ.

ಈ ಗೆರೆಯನ್ನು ಅಳಿಸಿದ ಮಾತೊಂದು ಅಮೆರಿಕದಲ್ಲಿ ಧ್ವನಿಮುದ್ರಣವಾಗಿಯೇ ಉಳಿದಿದೆ. 2012ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟಿನೈನರ್ಸ್ ವಿರುದ್ಧ ಆಡಬೇಕಿತ್ತು. ರಕ್ಷಣಾ ವಿಭಾಗದ ಕೋಚ್ ಗ್ರೆಗ್ ವಿಲಿಯಮ್ಸ್ ತಮ್ಮ ಹುಡುಗರಿಗೆ ಎದುರಾಳಿಗಳ ಗಾಯಗಳನ್ನು ಹೆಸರು ಹಿಡಿದು ಹೇಳಿದರು. ಕೈಲ್ ವಿಲಿಯಮ್ಸ್‌ಗೆ ಹಿಂದೆ ತಲೆಗೆ ಪೆಟ್ಟಾಗಿತ್ತು, ಆದ್ದರಿಂದ ಅವನ ತಲೆ. ಮೈಕೇಲ್ ಕ್ರ್ಯಾಬ್‌ಟ್ರೀಯ ಮೊಣಕಾಲಿನ ಲಿಗಮೆಂಟು. ಆ ಪಂದ್ಯದಲ್ಲಿ ಸೇಂಟ್ಸ್ 36–32ರಿಂದ ಸೋತಿತು. ಅದೇ ವರ್ಷ ಮಾರ್ಚಿನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಆ ತಂಡದಲ್ಲಿ 2009ರಿಂದ 2011ರವರೆಗೆ ಎದುರಾಳಿಯನ್ನು ಮೈದಾನದಿಂದ ಹೊರಗೆ ಸಾಗಿಸುವಂತೆ ಮಾಡಿದವರಿಗೆ 1,000 ಡಾಲರ್, ಮತ್ತೆ ಆಡದಂತೆ ಮಾಡಿದವರಿಗೆ 1,500 ಡಾಲರ್ ಎಂದು ದರವೇ ನಿಗದಿಯಾಗಿತ್ತು. ಮುಖ್ಯ ಕೋಚ್ ಶಾನ್ ಪೇಟನ್ ಇಡೀ 2012ರ ಋತು ಹೊರಗುಳಿಯಬೇಕಾಯಿತು. ಆಟಗಾರರಿಗೂ ಶಿಕ್ಷೆಯಾಗಿತ್ತು. ಆದರೆ ಮೇಲ್ಮನವಿ ಕೇಳಿದ ಪಾಲ್ ಟ್ಯಾಗ್ಲಿಯಬು ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿದರು, ದೋಷದ ದೊಡ್ಡ ಪಾಲನ್ನು ಕೋಚ್‌ಗಳ ಮತ್ತು ತಂಡದ ಆಡಳಿತದ ಮೇಲೆಯೇ ಹೊರಿಸಿದರು.

ಇದನ್ನು ಓದಿದ ಕನ್ನಡಿಗನಿಗೆ ಗದಾಯುದ್ಧ ನೆನಪಾಗದೆ ಇರುವುದಿಲ್ಲ. ಹೊಕ್ಕುಳ ಕೆಳಗೆ ಗದೆ ಬೀಸಬಾರದು ಎಂಬ ನಿಯಮ ಭೀಮನಿಗೂ ಗೊತ್ತಿತ್ತು, ದುರ್ಯೋಧನನಿಗೂ ಗೊತ್ತಿತ್ತು. ತೊಡೆಗೆ ಹೊಡೆ ಎಂಬ ಸನ್ನೆ ಬಂದದ್ದು ಅಂಚಿನಲ್ಲಿ ನಿಂತವರಿಂದ. ಇಬ್ಬರಿಗೂ ಗುರುವಾಗಿದ್ದ ಬಲರಾಮ ನೇಗಿಲೆತ್ತಿ ಸಿಟ್ಟಾದ. ಭೀಮನಿಗೆ ಕಾರಣಗಳಿದ್ದವು, ಪ್ರತಿಜ್ಞೆ ಇತ್ತು. ಆದರೂ ಚಾಲುಕ್ಯರ ಆಸ್ಥಾನದ ರನ್ನ ಸಾವಿರ ವರ್ಷದ ಹಿಂದೆ ಭೀಮನನ್ನೇ ನಾಯಕನನ್ನಾಗಿ ಮಾಡಿ ಬರೆದ ಕಾವ್ಯದಲ್ಲಿ ಓದುಗರ ಮನಸ್ಸು ಬಿದ್ದವನ ಕಡೆಗೂ ವಾಲುತ್ತದೆ. ಅಖಾಡದಲ್ಲಿ ಇಬ್ಬರೇ ಇದ್ದರೂ ಹೊಡೆತ ಎಲ್ಲಿಗೆ ಬೀಳಬೇಕೆಂದು ತೀರ್ಮಾನಿಸುವವರು ಹೊರಗೂ ಇರುತ್ತಾರೆ.

ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಈ ಪ್ರಶ್ನೆಗೆ ಹಳೆಯ ಗಾಯಗಳಿವೆ. 1923ರ ಅಕ್ಟೋಬರ್ 6ರಂದು ಅಯೋವಾ ಸ್ಟೇಟ್ ತಂಡದ ಜ್ಯಾಕ್ ಟ್ರೈಸ್ ಮಿನ್ನೆಸೋಟಾ ವಿರುದ್ಧ ಆಡಿದ. ಆ ಕಾಲೇಜಿನ ಮೊದಲ ಕಪ್ಪು ಕ್ರೀಡಾಪಟು ಅವನು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕೊರಳಮೂಳೆ ಮುರಿಯಿತು, ಆದರೂ ಹೊರಗೆ ಬರಲಿಲ್ಲ. ಮೂರನೆಯ ಕ್ವಾರ್ಟರಿನಲ್ಲಿ ಕೆಳಗೆ ಬಿದ್ದವನ ಮೇಲೆ ಎದುರು ತಂಡದವರು ತುಳಿದುಕೊಂಡು ಹೋದರು. ಎರಡು ದಿನಕ್ಕೆ ಅವನು ತೀರಿಕೊಂಡ. ಬೇಕೆಂದೇ ತುಳಿದರೋ ಆಟದ ರಭಸದಲ್ಲಿ ಆಯಿತೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. 1997ರಿಂದ ಅಯೋವಾ ಸ್ಟೇಟ್ ಕ್ರೀಡಾಂಗಣಕ್ಕೆ ಅವನದೇ ಹೆಸರು.

ಜಾನಿ ಬ್ರೈಟ್ ವಿಷಯದಲ್ಲಿ ಅಂಥ ಅನುಮಾನಕ್ಕೆ ಎಡೆಯಿಲ್ಲ. 1951ರ ಅಕ್ಟೋಬರ್ 20ರಂದು ಓಕ್ಲಹೋಮಾದ ಸ್ಟಿಲ್‌ವಾಟರಿನಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಈ ಕಪ್ಪು ಆಟಗಾರನನ್ನು ಓಕ್ಲಹೋಮಾ ಎ ಅಂಡ್ ಎಂ ತಂಡದ ವಿಲ್‌ಬ್ಯಾಂಕ್ಸ್ ಸ್ಮಿತ್ ಮೊದಲ ಏಳು ನಿಮಿಷದಲ್ಲೇ ಮೂರು ಸಲ ಪ್ರಜ್ಞೆ ತಪ್ಪಿಸಿ ಕೆಡವಿದ. ಚೆಂಡು ಬೇರೆಯವನ ಕೈಗೆ ಹೋಗಿಯಾಗಿತ್ತು, ಹೊಡೆತ ಮಾತ್ರ ಬ್ರೈಟನ ದವಡೆಗೆ ಬಿತ್ತು. ಮುರಿದ ದವಡೆಯಲ್ಲೇ ಅವನು 61 ಯಾರ್ಡಿನ ಟಚ್‌ಡೌನ್ ಪಾಸ್ ಎಸೆದ. ಡೆ ಮಾಯ್ನ್ ರೆಜಿಸ್ಟರ್ ಪತ್ರಿಕೆಯ ಛಾಯಾಗ್ರಾಹಕರು ಹೊಡೆತವನ್ನು ಒಂದರ ಹಿಂದೊಂದು ಚಿತ್ರವಾಗಿ ಹಿಡಿದರು, 1952ರಲ್ಲಿ ಅವಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಹೊಡೆದವನಿಗೆ ಶಿಕ್ಷೆಯಾಗಲಿಲ್ಲ. ಪ್ರತಿಭಟಿಸಿ ಡ್ರೇಕ್ ಎರಡೂ ತಂಡಗಳಿದ್ದ ಕಾನ್ಫರೆನ್ಸನ್ನೇ ಬಿಟ್ಟಿತು. ಎ ಅಂಡ್ ಎಂ ಈಗ ಓಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯ. ಅದು ಕ್ಷಮೆ ಕೇಳಿದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಬ್ರೈಟ್ ಬದುಕಿರಲಿಲ್ಲ.

ನಿಯಮ ಬಂತು, ಆದರೆ ನಿಧಾನವಾಗಿ. ಇಂದು ಮಕ್ಕಳ ಬಾಯಲ್ಲಿ ‘ಟಾರ್ಗೆಟಿಂಗ್’ ಎಂದು ಓಡಾಡುವ ಕಾಲೇಜು ನಿಯಮ 2008ರದು. ಹೆಲ್ಮೆಟ್ಟಿನ ನೆತ್ತಿಯಿಂದ ಗುದ್ದುವುದು, ತನ್ನನ್ನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿರುವವನ ತಲೆ-ಕುತ್ತಿಗೆಗೆ ಹೊಡೆಯುವುದು ಇದರಡಿ ತಪ್ಪು. 2013ರಿಂದ ತಪ್ಪು ಮಾಡಿದವನು ಆ ಪಂದ್ಯದಿಂದಲೇ ಹೊರಗೆ. ಎರಡನೆಯ ಅರ್ಧದಲ್ಲಿ ಮಾಡಿದರೆ ಮುಂದಿನ ಪಂದ್ಯದ ಮೊದಲರ್ಧಕ್ಕೂ ಇಲ್ಲ ಎಂದು ಆಗ ಗೊತ್ತುಮಾಡಿದರು. ಇದರಿಂದ ತಲೆಗೆ ಕಾವಲು ಸಿಕ್ಕಿತು. ಕಾಲಿಗೆ ಸಿಗಲಿಲ್ಲ. ಹೋದ ವಾರ ಉಳುಕಿದ ಕಣಕಾಲನ್ನೇ ನೋಡಿಕೊಂಡು, ನಿಯಮದೊಳಗೇ ಇದ್ದು, ಬೇಕೆಂದೇ ಕೆಡವಿದರೆ ರೆಫರಿ ತಪ್ಪೆಂದು ಬಾವುಟ ಎಸೆಯುವಂತಿಲ್ಲ. ನಿಧಾನ ಚಲನೆಯ ವಿಡಿಯೋದಲ್ಲಿ ಹೆಲ್ಮೆಟ್ ಕಾಣುತ್ತದೆ, ಹೊಡೆದವನ ಮನಸ್ಸು ಕಾಣುವುದಿಲ್ಲ.

ಕುಸ್ತಿಯಲ್ಲೂ ಹೀಗೆಯೇ. 2024ರ ಆಗಸ್ಟ್ 5ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 68 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲಿನಲ್ಲಿ ನಿಶಾ ದಹಿಯಾ ದೊಡ್ಡ ಮುನ್ನಡೆಯಲ್ಲಿದ್ದರು. ಕೈಗೆ ಪೆಟ್ಟಾಯಿತು. ಅಳುತ್ತಲೇ ಆಡಿ ಉತ್ತರ ಕೊರಿಯಾದ ಪಾಕ್ ಸೋಲ್ ಗುಮ್ ಎದುರು 8–10ರಿಂದ ಸೋತರು. ಅಂಚಿನಿಂದ ಸೂಚನೆ ಬಂದ ಮೇಲೆ ಆ ಕೈಯನ್ನೇ ಗುರಿ ಮಾಡಿದರು ಎಂದು ನಮ್ಮ ಕೋಚ್ ವೀರೇಂದ್ರ ದಹಿಯಾ ಆರೋಪಿಸಿದರು. ಆರೋಪ ಆರೋಪವಾಗಿಯೇ ಉಳಿಯಿತು. ಹಿಂದೆ ಬಿದ್ದಿದ್ದ ಎದುರಾಳಿಗೂ ಅಂಕ ಬೇಕಿತ್ತು, ಸಮಯ ಮುಗಿಯುತ್ತಿತ್ತು, ಕೈ ಹಿಡಿಯದೆ ಕುಸ್ತಿಯೂ ಇಲ್ಲ. ಇದಕ್ಕೆ ಎದುರಾಗಿ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಜೂಡೋ ಫೈನಲನ್ನು ನೆನೆಯುವವರಿದ್ದಾರೆ. ಜಪಾನಿನ ಯಮಾಶಿತಾ ಬಲಗಾಲಿನ ಪೆಟ್ಟಿನಲ್ಲೇ ಕಣಕ್ಕಿಳಿದರು. ಈಜಿಪ್ಟಿನ ಮೊಹಮದ್ ರಶ್ವಾನ್ ಸೋತರು, ಆ ಕಾಲಿನ ಲಾಭ ಪಡೆಯಲಿಲ್ಲವೆಂದು ಅವರಿಗೆ ಫೇರ್ ಪ್ಲೇ ಪ್ರಶಸ್ತಿ ಬಂತು. ನಿಜವಾಗಿಯೂ ಆ ಕಾಲನ್ನು ಬಿಟ್ಟರೇ ಎಂದು ಜೂಡೋ ಬಲ್ಲವರು ಇನ್ನೂ ವಾದಿಸುತ್ತಾರೆ. ಎರಡೂ ಕಡೆ ನೋಡಿದ ಲಕ್ಷಾಂತರ ಕಣ್ಣುಗಳಿಗೆ ಉತ್ತರ ಖಚಿತವಾಗಲಿಲ್ಲ. ಉತ್ತರ ಗೊತ್ತಿದ್ದದ್ದು ಆಡಿದವರಿಗೆ, ಅವರ ಕಿವಿಯಲ್ಲಿ ಹೇಳಿದವರಿಗೆ.

ಕನ್ನಡನಾಡಿನ ಕ್ರಿಕೆಟ್ಟಿಗರು ಇದರ ಎರಡೂ ಮುಖ ಕಂಡವರು. 1976ರ ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತ 403ರ ಗುರಿಯನ್ನು ನಾಲ್ಕೇ ವಿಕೆಟ್ ಕಳೆದುಕೊಂಡು ಮುಟ್ಟಿತು. ಅದರಲ್ಲಿ ಜಿ.ಆರ್. ವಿಶ್ವನಾಥರ 112 ರನ್ ಇತ್ತು. ಮುಂದಿನ ಪಂದ್ಯ ಕಿಂಗ್ಸ್ಟನ್ನಿನಲ್ಲಿ. ಹೆಲ್ಮೆಟ್ ಇಲ್ಲದ ಕಾಲ, ಮೈಗೆ ಗುರಿಯಿಟ್ಟ ಚೆಂಡುಗಳು. ಅಂಶುಮಾನ್ ಗಾಯಕ್ವಾಡರ ಕಿವಿಗೆ ಬಿತ್ತು, ವಿಶ್ವನಾಥರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲರ ತುಟಿಗೆ ಹೊಲಿಗೆ ಬಿತ್ತು. ಬಿಷನ್ ಸಿಂಗ್ ಬೇಡಿ ಆರು ವಿಕೆಟ್ಟಿಗೆ 306ಕ್ಕೇ ಇನಿಂಗ್ಸ್ ಮುಗಿಸಿದರು. ಎರಡನೆಯ ಇನಿಂಗ್ಸ್ 97ಕ್ಕೆ ನಿಂತಿತು, ಏಕೆಂದರೆ ಐವರು ಬ್ಯಾಟ್ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಫೀಲ್ಡಿಂಗಿನಲ್ಲಿ ಕೈಗೆ ಪೆಟ್ಟು ಮಾಡಿಕೊಂಡಿದ್ದ ಚಂದ್ರಶೇಖರ್ ಸೇರಿ ಆ ಐವರಲ್ಲಿ ಮೂವರು ಕರ್ನಾಟಕದವರು. ಓವರಿಗೆ ಒಬ್ಬ ಬ್ಯಾಟರಿಗೆ ಒಂದೇ ಬೌನ್ಸರ್ ಎಂಬ ಮಿತಿಯನ್ನು ಐಸಿಸಿ ತಂದದ್ದು 1991ರಲ್ಲಿ.

ಅದೇ ವಿಶ್ವನಾಥ್ 1980ರ ಫೆಬ್ರವರಿಯಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದರು. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡ ಮೇಲೆ, ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರನ್ನು ತಾವೇ ಹಿಂದಕ್ಕೆ ಕರೆದರು. ಟೇಲರ್-ಬಾಥಮ್ ಜೊತೆಯಾಟ 171 ರನ್ನಿಗೆ ಬೆಳೆಯಿತು, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಬೆರಳು ಮುರಿಸಿಕೊಂಡವರು ನಾಲ್ಕು ವರ್ಷದ ನಂತರವೂ ತಮಗೆ ಸಲ್ಲದ ಒಂದು ವಿಕೆಟ್ ಬೇಡವೆಂದರು. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾರನ್ನು ಎಲ್‌ಬಿಡಬ್ಲ್ಯು ಮಾಡಿದ್ದು ನಮಗೆಲ್ಲ ಗೊತ್ತು. ಲಾರಾ ಕನಿಕರದಿಂದ ವಿಕೆಟ್ ಒಪ್ಪಿಸಲಿಲ್ಲ. ಕುಂಬ್ಳೆಗೆ ಅದು ಬೇಕಾಗಿಯೂ ಇರಲಿಲ್ಲ. ಗಾಯಾಳುವಿಗೆ ಸಲ್ಲಬೇಕಾದದ್ದು ಪೂರ್ತಿ ಆಟ, ಗಾಯದ ಮೇಲೆ ಕೈ ಹಾಕದ ಆಟ.

ನನಗೆ ಹೆಚ್ಚು ಚಿಂತೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಅಮೆರಿಕದ ಕಾಲೇಜು ತಂಡಗಳು ಬಹುಕಾಲ ತಮ್ಮ ಹುಡುಗರ ಗಾಯವನ್ನು ಗುಟ್ಟಾಗಿ ಇಟ್ಟುಕೊಂಡವು. ಎದುರಿನವರಿಗೆ ತಿಳಿದರೆ ಅಲ್ಲಿಗೇ ಬರುತ್ತಾರೆ ಎಂಬ ಭಯ ಅದಕ್ಕೊಂದು ಕಾರಣ. ಯಾರು ಆಡುತ್ತಾರೆ, ಯಾರು ಆಡುವುದಿಲ್ಲ ಎಂಬ ಪಟ್ಟಿಯನ್ನು ಪಂದ್ಯಕ್ಕೆ ಮೊದಲು ಬಹಿರಂಗಪಡಿಸುವ ಪದ್ಧತಿಯನ್ನು ಬಿಗ್ ಟೆನ್ ಕಾನ್ಫರೆನ್ಸ್ 2023ರಲ್ಲಿ, ಎಸ್‌ಇಸಿ ಕಾನ್ಫರೆನ್ಸ್ 2024ರಲ್ಲಿ ತಂದವು. ಅದನ್ನೂ ತಂದದ್ದು ಮುಖ್ಯವಾಗಿ ಬಾಜಿ ವ್ಯವಹಾರಕ್ಕೆ ಒಳಗಿನ ಸುದ್ದಿ ಸೋರಬಾರದೆಂದು. ಇನ್ನೊಂದು ಕಡೆ, ಎದುರು ತಂಡದ ಓಟ ತಡೆಯಲು ಪೆಟ್ಟಾದಂತೆ ನಟಿಸಿ ಬೀಳುವವರ ಕಾಟ ಎಷ್ಟಾಯಿತೆಂದರೆ, 2025ರಿಂದ ಚೆಂಡು ಇಟ್ಟ ಮೇಲೆ ಗಾಯವೆಂದು ಬಿದ್ದರೆ ಆ ತಂಡದ ಒಂದು ಟೈಮ್‌ಔಟ್ ಹೋಗುತ್ತದೆ. ನಿಜವಾದ ಗಾಯ ಮುಚ್ಚಿಡಬೇಕು, ಇಲ್ಲದ ಗಾಯ ತೋರಿಸಬೇಕು. ನಂಬಿಕೆ ಹೋದ ಆಟದ ಸ್ಥಿತಿ ಇದು.

ಊರಿನ ಕಬಡ್ಡಿಯೂ ಇದರಿಂದ ಹೊರತಲ್ಲ. ಕಣಕಾಲು ಹಿಡಿಯುವುದು ಅಲ್ಲಿ ಒಪ್ಪಿತ ಪಟ್ಟು. ಬಾಯಿ ಮುಚ್ಚುವುದು, ಕಾಲುಗಳ ಕತ್ತರಿ ಹಾಕುವುದು, ಪೆಟ್ಟಾಗುವಂತೆ ಒರಟಾಗಿ ಎಳೆಯುವುದು ತಪ್ಪು. ಬೀದರ, ಭಾಲ್ಕಿ, ಔರಾದ ಕಾಲೇಜುಗಳ ಹುಡುಗರು ಈಗ 2023ರಲ್ಲಿ ಹುಟ್ಟಿದ ಬೀದರ ವಿಶ್ವವಿದ್ಯಾಲಯದ ಹೆಸರಲ್ಲಿ ಆಡುತ್ತಾರೆ. ಅವರೂ ಕುಂಟುತ್ತಿರುವುದು ಕಾಣದಂತೆ ನೆಟ್ಟಗೆ ನಡೆದೇ ಕಣಕ್ಕಿಳಿಯುತ್ತಾರೆ.

ಆದ್ದರಿಂದ ಒಂದು ಆಟ ಎಷ್ಟು ಸಭ್ಯ ಎಂದು ಅಳೆಯಲು ನನಗೆ ಒಂದೇ ಪ್ರಶ್ನೆ ಸಾಕೆನಿಸುತ್ತದೆ: ಅಲ್ಲಿ ಪೆಟ್ಟಾದವನು ತನ್ನ ಪೆಟ್ಟನ್ನು ಎದುರಾಳಿಗೆ ಹೇಳಿಕೊಳ್ಳಬಹುದೆ? ಕಿಕ್ಕಿರಿದ ಕ್ರೀಡಾಂಗಣಗಳಲ್ಲಿ ಇದನ್ನು ನಾವು ತರಲಾರೆವು. ನಮ್ಮ ಕನ್ನಡ ಸಂಘದ ಬೇಸಿಗೆ ಕ್ರೀಡಾಕೂಟದಲ್ಲಿ ತರಬಹುದು. ಕಬಡ್ಡಿ ಶುರುವಾಗುವ ಮುನ್ನ ಎರಡೂ ತಂಡದ ನಾಯಕರು ಎದುರುಬದುರು ನಿಂತು, ಯಾರ ಮೊಣಕಾಲು ಸರಿಯಿಲ್ಲ, ಯಾರ ಭುಜ ಜಾರಿತ್ತು ಎಂದು ಬಾಯಿಬಿಟ್ಟು ಹೇಳಲಿ. ಹಾಗೆ ಹೇಳಿದ ಜಾಗವನ್ನು ಎಳೆದಾಡಿ ಗಳಿಸಿದ ಅಂಕ ಎದುರು ತಂಡಕ್ಕೆ ಹೋಗಲಿ. ಗೆರೆಯ ಹೊರಗೆ ನಿಂತ ಅಪ್ಪ, ಅಮ್ಮ, ಕಾಕಾಗಳಿಗೂ ಒಂದು ನಿಯಮವಿರಲಿ: “ಅವನ ಎಡಗಾಲಿಗೆ ಹೋಗು” ಎಂದು ಕೂಗಿದವರ ತಂಡಕ್ಕೂ ಒಂದು ಅಂಕ ಖೋತಾ. ಮಕ್ಕಳಿಗಿಂತ ನಮಗೇ ಈ ನಿಯಮ ಹೆಚ್ಚು ಸಲ ಅನ್ವಯವಾಗಬಹುದು. ಆದರೂ ಮುಂದಿನ ಕೂಟದಲ್ಲಿ ಆಡಿ ನೋಡೋಣ.