ಸಂಕಲ್ಪದ ಕಾಲವೂ ಶಿಲೆಯ ಕಾಲವೂ

ನವರಾತ್ರಿಯ ಕಲಶಸ್ಥಾಪನೆಗೆ ಮುನ್ನ ಸಂಕಲ್ಪ ಮಾಡುವುದು ಸಂಪ್ರದಾಯ. ಯಜಮಾನನು ಕೈಯಲ್ಲಿ ಅಕ್ಷತೆ ಹಿಡಿದು, ತಾನು ಯಾವ ಕಾಲದಲ್ಲಿ, ಯಾವ ದೇಶದಲ್ಲಿ ಕುಳಿತು ಈ ಪೂಜೆಗೆ ತೊಡಗಿದ್ದೇನೆಂಬುದನ್ನು ಮೊದಲು ನಿವೇದಿಸುತ್ತಾನೆ. ಬ್ರಹ್ಮನ ಆಯುಸ್ಸಿನ ದ್ವಿತೀಯ ಪರಾರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಮಹಾಯುಗದ ಕಲಿಯುಗ, ಅದರ ಪ್ರಥಮ ಪಾದ. ಹೀಗೆ ಮಹಾಕಾಲವು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಂವತ್ಸರ, ಮಾಸ, ತಿಥಿಗಳವರೆಗೆ ಬಂದು ನಿಲ್ಲುತ್ತದೆ. ಊರು ಬಿಟ್ಟು ಬಂದವರ ಸಂಕಲ್ಪದಲ್ಲಿ ದೇಶದ ಭಾಗ ಬದಲಾಗುವುದುಂಟು. ಕಾಲದ ಭಾಗ ಮಾತ್ರ ತೀರ್ಥಹಳ್ಳಿಯಲ್ಲಿ ಹೇಗೋ ಮಾಟುಂಗದಲ್ಲಿಯೂ ಹಾಗೆಯೇ.

ಈ ಹೆಸರುಗಳ ಹಿಂದೆ ಕಟ್ಟುನಿಟ್ಟಾದ ಒಂದು ಗಣಿತವಿದೆ. ಕಲಿಯುಗಕ್ಕೆ 4,32,000 ವರ್ಷ. ದ್ವಾಪರ, ತ್ರೇತಾ, ಕೃತಯುಗಗಳಿಗೆ ಕ್ರಮವಾಗಿ ಅದರ ಎರಡು, ಮೂರು, ನಾಲ್ಕು ಪಟ್ಟು. ನಾಲ್ಕೂ ಸೇರಿದರೆ 43,20,000 ವರ್ಷಗಳ ಮಹಾಯುಗ. ಅಂತಹ ಸಾವಿರ ಮಹಾಯುಗಗಳು ಒಂದು ಕಲ್ಪ, ಅಂದರೆ ಬ್ರಹ್ಮನ ಒಂದು ಹಗಲು: 432 ಕೋಟಿ ವರ್ಷ. ಇದರಲ್ಲಿ ಆರು ಮನ್ವಂತರಗಳು, ಏಳು ಸಂಧಿಕಾಲಗಳು ಹಾಗೂ ಏಳನೆಯ ಮನ್ವಂತರದ ಇಪ್ಪತ್ತೇಳು ಮಹಾಯುಗಗಳು ಕಳೆದಿವೆ. ಇಪ್ಪತ್ತೆಂಟನೆಯದರ ಮೂರು ಯುಗಗಳನ್ನೂ, ಕ್ರಿ.ಪೂ. 3102ರಲ್ಲಿ ಆರಂಭವಾದ ಕಲಿಯ ಐದು ಸಾವಿರಕ್ಕೆ ಮಿಕ್ಕ ವರ್ಷಗಳನ್ನೂ ಕೂಡಿಸಿದರೆ, ಈ ಕಲ್ಪದಲ್ಲಿ ಗತಿಸಿದ ಕಾಲ ಸುಮಾರು 197 ಕೋಟಿ 29 ಲಕ್ಷ ವರ್ಷ. ಸೃಷ್ಟಿಕಾರ್ಯಕ್ಕೆ ತಗುಲಿದ ಅವಧಿಯೆಂದು ಇದರಿಂದ 1 ಕೋಟಿ 70 ಲಕ್ಷಕ್ಕೂ ಹೆಚ್ಚು ವರ್ಷಗಳನ್ನು ಸೂರ್ಯಸಿದ್ಧಾಂತವು ಕಳೆಯುತ್ತದೆ.

ಆಧುನಿಕ ಭೂವಿಜ್ಞಾನವು ಭೂಮಿಗೆ ಕೊಡುವ ವಯಸ್ಸು ಸುಮಾರು 454 ಕೋಟಿ ವರ್ಷ. ಇಲ್ಲಿಯೇ ಅನೇಕ ಸಜ್ಜನರು ಹಿರಿಹಿರಿ ಹಿಗ್ಗುವುದು. ವಿಜ್ಞಾನಿಗಳು ಇಂದು ಕಂಡದ್ದನ್ನು ಋಷಿಗಳು ಅಂದೇ ಕಂಡಿದ್ದರು, 432 ಎಲ್ಲಿ, 454 ಎಲ್ಲಿ, ಅಂತರವೇ ಇಲ್ಲವಲ್ಲ ಎಂಬ ಮಾತು ಪ್ರವಚನಗಳಲ್ಲಿಯೂ ಪ್ರಸಾದ ಹಂಚುವಾಗಿನ ಹರಟೆಯಲ್ಲಿಯೂ ಆಗಾಗ ಕೇಳಿಬರುತ್ತದೆ. ಆದರೆ 432 ಕೋಟಿ ಎಂಬುದು ಕಲ್ಪದ ಪೂರ್ಣಾವಧಿ. ಗತಿಸಿದ್ದು 197 ಕೋಟಿ ಮಾತ್ರವೆಂದು ಸಂಕಲ್ಪವೇ ಸಾರುತ್ತಿದೆ. ಹತ್ತು ವರ್ಷಗಳ ಠೇವಣಿಗೆ ಐದನೆಯ ವರ್ಷದಲ್ಲಿಯೇ ಹತ್ತು ವರ್ಷ ತುಂಬಿತೆಂದು ಯಾರಾದರೂ ವಾದಿಸಿದರೆ ಲೆಕ್ಕ ಬಲ್ಲವರು ಒಪ್ಪಿಯಾರೇ? ಹೋಲಿಸಬೇಕಾದ ಅಂಕೆಗಳು 197 ಮತ್ತು 454. ಅವು ಹೊಂದುವುದಿಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತ ಹಾಸುಬಂಡೆಗೆ ಭೂವಿಜ್ಞಾನಿಗಳು ಸುಮಾರು 300 ಕೋಟಿ ವರ್ಷಗಳ ವಯಸ್ಸನ್ನು ಹೇಳುತ್ತಾರೆ. ಆ ಒಂದು ಬಂಡೆಯೇ ಶ್ವೇತವರಾಹ ಕಲ್ಪದ ಆರಂಭಕ್ಕಿಂತ ನೂರು ಕೋಟಿ ವರ್ಷ ಹಿರಿಯದಾಯಿತು.

ಈ ಮಾತು ಕೇವಲ ಅಂಕಗಣಿತಕ್ಕೆ ಸೇರಿದ್ದಲ್ಲ. ಕಾಲೇಜಿನಲ್ಲಿ ವಿಜ್ಞಾನ ಓದುವ ಮಗ ಒಂದು ದಿನ ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕವನ್ನು ತಾನೇ ಮಾಡುತ್ತಾನೆ. ತಂದೆ ಹೇಳಿದ ಹೊಂದಾಣಿಕೆ ಹುಸಿಯೆಂದು ತಿಳಿದ ಮೇಲೆ ಅವನು ಅನುಮಾನಿಸುವುದು ಒಂದು ಅಂಕೆಯನ್ನಲ್ಲ. ಸಂಧ್ಯಾವಂದನೆಯನ್ನೂ, ಗೀತೆಯನ್ನೂ, ತಂದೆಯ ಮಾತನ್ನೂ ಒಟ್ಟಿಗೇ ಅನುಮಾನಿಸುತ್ತಾನೆ. ಧರ್ಮಕ್ಕೆ ಭೂಷಣವೆಂದು ತೊಡಿಸಿದ್ದು ಧರ್ಮಕ್ಕೇ ಭಾರವಾಗುತ್ತದೆ.

ಕ್ರೈಸ್ತ ದೇಶಗಳು ಈ ಸಂಕಟವನ್ನು ಮೊದಲೇ ಕಂಡಿವೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಎಣಿಸಿ, ಸೃಷ್ಟಿಯು ಕ್ರಿ.ಪೂ. 4004ರಲ್ಲಿ ಆಯಿತೆಂದು ನಿರ್ಣಯಿಸಿದರು. ಭೂಸ್ತರಗಳು ಬೇರೆ ಕಥೆ ಹೇಳತೊಡಗಿದಾಗ, 1857ರಲ್ಲಿ ಫಿಲಿಪ್ ಗಾಸ್ ಎಂಬ ದೈವಭಕ್ತ ನಿಸರ್ಗತಜ್ಞರು ಒಂದು ವಿಚಿತ್ರ ಸಮಾಧಾನವನ್ನು ಮುಂದಿಟ್ಟರು: ದೇವರು ಭೂಮಿಯನ್ನು ಹಳೆಯದಾಗಿ ತೋರುವಂತೆಯೇ, ಶಿಲೆಯೊಳಗಿನ ಪಳೆಯುಳಿಕೆಗಳೊಡನೆಯೇ ಸೃಷ್ಟಿಸಿದನಂತೆ! ಈ ವಾದವನ್ನು ಯಾರೂ ಖಂಡಿಸಲಾರರು ಎಂಬುದೇನೋ ದಿಟ. ಆದರೆ ಅವರ ಮಿತ್ರರೂ ಪಾದ್ರಿಯೂ ಆಗಿದ್ದ ಚಾರ್ಲ್ಸ್ ಕಿಂಗ್‌ಸ್ಲಿಯವರೇ ಅದನ್ನು ಒಪ್ಪಲಿಲ್ಲ. ದೇವರು ಬಂಡೆಗಳ ಮೇಲೆ ಸುಳ್ಳು ಬರೆದನೆಂದು ನಂಬಲು ತಮ್ಮಿಂದಾಗದೆಂಬುದು ಅವರ ನಿಲುವಾಗಿತ್ತು. ಆ ಪಾದ್ರಿಯ ಭಕ್ತಿ ಗಾಸ್ ಅವರ ಭಕ್ತಿಗಿಂತ ಒಂದು ತೂಕ ಹೆಚ್ಚಿನದೆಂದೇ ಹೇಳಬೇಕು.

ಹಾಗೆಂದು ವಿಜ್ಞಾನವೇನೂ ಎಡವದೆ ನಡೆದು ಬಂದಿಲ್ಲ. ಭೂಮಿಯು ಕಾದ ಗೋಳವೊಂದರಂತೆ ಆರುತ್ತಿದೆಯೆಂದು ಭಾವಿಸಿದ ಲಾರ್ಡ್ ಕೆಲ್ವಿನ್, 1897ರಲ್ಲಿ ಅದಕ್ಕೆ 2ರಿಂದ 4 ಕೋಟಿ ವರ್ಷಗಳನ್ನಷ್ಟೇ ಕೊಟ್ಟಿದ್ದರು. ಭೂಗರ್ಭದೊಳಗೆ ಉಷ್ಣ ಸಾಗುವ ಬಗೆಯನ್ನು ಅವರು ತಪ್ಪಾಗಿ ಊಹಿಸಿದ್ದಾರೆಂದು ಅವರ ಹಳೆಯ ಸಹಾಯಕ ಜಾನ್ ಪೆರಿಯವರೇ 1895ರಲ್ಲಿ ತೋರಿಸಿಕೊಟ್ಟಿದ್ದರೂ ಆ ಮಹಾಪಂಡಿತರು ಕಿವಿಗೊಡಲಿಲ್ಲ. ಹಟವು ಮಠಗಳಲ್ಲಿ ಮಾತ್ರ ಇರುವ ವಸ್ತುವಲ್ಲ.

ದಾರಿ ತೋರಿದ್ದು ಯುರೇನಿಯಂ. ಅದರ ಒಂದು ಬಗೆಯ ಪರಮಾಣುಗಳು 447 ಕೋಟಿ ವರ್ಷಗಳಲ್ಲಿ ಅರ್ಧದಷ್ಟು ಕ್ಷಯಿಸಿ ಕೊನೆಗೆ ಸೀಸವಾಗುತ್ತವೆ. ಬಡ್ಡಿಯ ದರವೂ ಇಂದಿನ ಶಿಲ್ಕೂ ತಿಳಿದಿದ್ದರೆ ಹಣ ಇಟ್ಟ ದಿನವನ್ನು ಹಿಂದಕ್ಕೆ ಎಣಿಸುವಂತೆ, ಸೀಸದ ಪ್ರಮಾಣದಿಂದ ಕಾಲವನ್ನು ಎಣಿಸಬಹುದು. ತೊಡಕು ಒಂದೇ: ಭೂಮಿ ಹುಟ್ಟಿದಾಗಲೇ ಇದ್ದ ಸೀಸವೆಷ್ಟು? ಆರಂಭದ ಶಿಲ್ಕು ತಿಳಿಯದೆ ಲೆಕ್ಕ ಮುಗಿಯದು. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಅದನ್ನು ಆಕಾಶದಿಂದ ಬಿದ್ದ ಕಬ್ಬಿಣದ ಉಲ್ಕೆಯೊಂದರಲ್ಲಿ ಹುಡುಕಿದರು. ಅದರೊಳಗಿನ ಒಂದು ಖನಿಜದಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಅಲ್ಪವಾಗಿದ್ದುದರಿಂದ, ಅಲ್ಲಿಯ ಸೀಸ ಆದಿಯಲ್ಲಿ ಇದ್ದಂತೆಯೇ ಉಳಿದಿತ್ತು. 1956ರಲ್ಲಿ ಅವರು ಪ್ರಕಟಿಸಿದ ಉತ್ತರ 455 ಕೋಟಿ ವರ್ಷ. ಅದರ ಜೊತೆಯಲ್ಲಿಯೇ, 7 ಕೋಟಿ ವರ್ಷ ಹೆಚ್ಚುಕಡಿಮೆ ಇರಬಹುದೆಂಬ ಒಪ್ಪಿಗೆಯೂ ಅಚ್ಚಾಯಿತು. ಅನಂತರದ ಅಳತೆಗಳು ಆ ಉತ್ತರವನ್ನು ಹೆಚ್ಚೇನೂ ಕದಲಿಸಿಲ್ಲ.

ಇದನ್ನು ಒಪ್ಪಿದರೆ ಶಾಸ್ತ್ರಕ್ಕೆ ಅಪಚಾರವಾದೀತೇ? ಆಚಾರ್ಯರ ಮಾತುಗಳನ್ನು ನೋಡಿದರೆ ಹಾಗೆ ತೋರುವುದಿಲ್ಲ. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅವು ಪ್ರಮಾಣವಾಗಲಾರವೆಂದು ಶಂಕರರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ನಿಸ್ಸಂಕೋಚವಾಗಿ ಬರೆದಿದ್ದಾರೆ. ಮಧ್ವಮತದಲ್ಲಿಯೂ, ಆಗಮಕ್ಕೆ ಆಧಾರವಾಗಿ ನಿಂತ ಪ್ರತ್ಯಕ್ಷವನ್ನು ಆಗಮವು ಬಾಧಿಸಲಾರದು. ಕಲ್ಪದ ಗಣಿತವಂತೂ ಹಿಂದಿನವರಲ್ಲಿಯೇ ಒಮ್ಮತದ್ದಾಗಿರಲಿಲ್ಲ. ಆರ್ಯಭಟನು ನಾಲ್ಕು ಯುಗಗಳನ್ನೂ ಸಮವಾಗಿಸಿ, ಕಲ್ಪಕ್ಕೆ 1008 ಮಹಾಯುಗಗಳನ್ನು ಎಣಿಸಿದನು. ಸ್ಮೃತಿಯನ್ನು ಮೀರಿದನೆಂದು ಬ್ರಹ್ಮಗುಪ್ತನು ಅವನನ್ನು ಆಕ್ಷೇಪಿಸಿದನು. ಜೈನರು ಲೋಕಕ್ಕೆ ಆದಿಯೇ ಇಲ್ಲವೆಂದರು. ಈ ಭಿನ್ನಮತಗಳಿಂದ ಯಾರ ಮನೆಯ ದೀಪವೂ ನಂದಲಿಲ್ಲ.

ಉಳಿಯುವ ಪ್ರಶ್ನೆ ಆ ತರುಣನದು. ಪರೀಕ್ಷೆಯಲ್ಲಿ 454 ಕೋಟಿ ಎಂದು ಬರೆದು ಬಂದು, ಮನೆಯಲ್ಲಿ ಶ್ವೇತವರಾಹ ಕಲ್ಪವೆಂದು ಉಚ್ಚರಿಸಿದರೆ ಎರಡು ಬಗೆಯ ಖಾತೆಪುಸ್ತಕ ಇಟ್ಟಂತಾಗದೇ? ಒಂದೇ ವ್ಯವಹಾರಕ್ಕೆ ಎರಡು ಪುಸ್ತಕ ಇಡುವುದು ಖಂಡಿತವಾಗಿಯೂ ಕಪಟ. ಯುಗಗಣಿತವನ್ನು ರಚಿಸಿದವರು ಅದನ್ನು ಬರಿಯ ಸಂಕೇತವೆಂದು ಎಣಿಸಿರಲಿಲ್ಲವೆಂಬುದನ್ನೂ ಮರೆಮಾಚಬಾರದು. ಅದು ಅವರ ಪಾಲಿಗೆ ನಿಜವಾದ ಲೆಕ್ಕವೇ ಆಗಿತ್ತು. ಭೂಮಿಯ ವಯಸ್ಸೆಂದು ಹಿಡಿದರೆ ಆ ಲೆಕ್ಕ ಇಂದು ನಿಲ್ಲುವುದಿಲ್ಲ. ತಂದೆಯು ಮಗನಿಗೆ ಇಷ್ಟನ್ನು ನೇರವಾಗಿ ಹೇಳಬೇಕು. ಆದರೆ ಸಂಕಲ್ಪವನ್ನು ಗಮನವಿಟ್ಟು ಕೇಳಿದರೆ, ಅದರಲ್ಲಿ ಕೋಟಿಯ ಮಾತೇ ಇಲ್ಲ. ಇರುವುದು ಹೆಸರುಗಳು, ವರ್ಷಗಳನ್ನು ಎಣಿಸಿ ತುಂಬಿದ್ದು ಗ್ರಂಥಗಳು. ಭೂಮಿ ಇಷ್ಟು ಹಳೆಯದೆಂದು ಸಾಧಿಸುವ ಗೊಡವೆ ಅಲ್ಲಿಲ್ಲ. ಎಣೆಯಿಲ್ಲದ ಕಾಲದಲ್ಲಿ, ಇಂತಹ ತಿಥಿಯಂದು, ಇಂತಹ ಗೋತ್ರದ ಇಂತಹವನು ಇಲ್ಲಿ ಕುಳಿತಿದ್ದೇನೆಂದು ಹೇಳಿಕೊಳ್ಳುವುದಷ್ಟೇ ಅಲ್ಲಿಯ ಕೆಲಸ. ಅಳತೆ 197 ಕೋಟಿಯಿಂದ 454ಕ್ಕೆ ಏರಿದ್ದರಿಂದ ಕುಳಿತವನ ಸ್ಥಾನವೇನೂ ದೊಡ್ಡದಾಗಲಿಲ್ಲ.

ದಸರೆಗೆ ಮೈಸೂರಿಗೆ ಹೋಗುವವರು ಚಾಮುಂಡಿಬೆಟ್ಟವನ್ನು ಹತ್ತದೆ ಬರುವುದಿಲ್ಲ. ಆ ಬೆಟ್ಟದ ಕಣಶಿಲೆಗೆ ಸುಮಾರು 80 ಕೋಟಿ ವರ್ಷ. ಲಾಲ್‌ಬಾಗ್‌ನ ಬಂಡೆಯ ಮುಂದೆ ಅದು ಎಳೆಯದು. ಅದೇ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತುವ ಹೆಂಗಸರು ಇಂದಿಗೂ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಹೋಗುತ್ತಾರೆ. ಅವರಲ್ಲಿ ಭೂವಿಜ್ಞಾನ ಓದಿದ ಹುಡುಗಿಯರೂ ಇರಬಹುದು.