ಯಾರ ಪಾಪದ ನಿಮಿತ್ತ?



ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನ ವೃತ್ತಾಂತವುಂಟು. ಅವನನ್ನು ಕಂಡ ಶಿಷ್ಯರು, ಈ ಕುರುಡುತನಕ್ಕೆ ಯಾರ ಪಾಪವು ಕಾರಣವೆಂದು ಗುರುವನ್ನು ಕೇಳಿದರು. ಆ ಪ್ರಶ್ನೆಯು ಯೆರೂಸಲೇಮಿನಲ್ಲಿಯೇ ಉಳಿಯಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿಯೂ ತುಟಿ ಸೀಳಿದ ಕೂಸು ಹುಟ್ಟಿದರೆ, ಬಸುರಿಯು ಗ್ರಹಣದಲ್ಲಿ ಕುಡಗೋಲು ಹಿಡಿದಳೆಂದು ಒಬ್ಬರು, ಹಿಂದಿನ ಜನ್ಮದ ಕರ್ಮವೆಂದು ಇನ್ನೊಬ್ಬರು ಹೇಳುವರು. ಇಂಥ ಮಾತುಗಳನ್ನು ಬಿಟ್ಟೆವೆನ್ನುವ ನಾವೂ, ಆ ಮನೆಯಲ್ಲಿ ಯಾವದೋ ಗುಪ್ತ ಪಾಪವಿರಬೇಕೆಂದು ಪಿಸುಗುಟ್ಟುವದುಂಟು. ಮಾತು ಬೇರೆಯಾದರೂ ಕಲ್ಲು ಅದೇ; ಅದು ಬೀಳುವದು ಹೆತ್ತ ತಾಯಿಯ ಮೇಲೆಯೇ.

ಹಾಗಾದರೆ ಕಾರಣವನ್ನು ಕೇಳುವದೇ ತಪ್ಪೋ? ತಪ್ಪಲ್ಲ. ಆದರೆ ಕೇಳುವ ರೀತಿಗಳು ಎರಡು. ಆಸ್ಟ್ರೇಲಿಯಾದ ನೇತ್ರವೈದ್ಯನಾದ ನಾರ್ಮನ್ ಗ್ರೆಗ್ಗನು ಕಣ್ಣಿನಲ್ಲಿ ಪೊರೆಯಿದ್ದು ಹುಟ್ಟಿದ ಅನೇಕ ಕೂಸುಗಳನ್ನು ಕಂಡು, ಅವನೂ ಕಾರಣವನ್ನು ವಿಚಾರಿಸಿದನು. ಆ ತಾಯಂದಿರಿಗೆ ಬಸುರಿನ ಮೊದಲಲ್ಲಿ ರುಬೆಲ್ಲಾ ಎಂಬ ಸಣ್ಣ ಜ್ವರವು ಬಂದಿತ್ತೆಂದು 1941ರಲ್ಲಿ ಪ್ರಕಟಿಸಿದನು. ಅವನು ಕೇಳಿದ್ದು ದೂಷಿಸುವದಕ್ಕಲ್ಲ, ಮುಂದಿನ ಕೂಸನ್ನು ಕಾಯುವದಕ್ಕೆ. ಆ ವಿಚಾರಣೆಯ ಫಲವೇ ರುಬೆಲ್ಲಾ ಲಸಿಕೆಯು. 2017ರ ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕದಲ್ಲಿ 9 ತಿಂಗಳಿಂದ 15 ವರುಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯನ್ನು ಹಾಕುವ ಅಭಿಯಾನವು ಆರಂಭವಾಯಿತು.

ಹಾಗೆಯೇ ಫೋಲಿಕ್ ಆಮ್ಲದ ಮಾತ್ರೆಯಿಂದ ಕೂಸಿನ ಬೆನ್ನುಹುರಿಯ ದೋಷಗಳಲ್ಲಿ ಬಹು ಪಾಲು ತಪ್ಪುವವೆಂದು 1991ರಲ್ಲಿ ದೃಢವಾಯಿತು. ಆದರೆ ಆ ಹುರಿಯು ಮುಚ್ಚಿಕೊಳ್ಳುವದು ಗರ್ಭದ ನಾಲ್ಕನೆಯ ವಾರದಲ್ಲಿ, ಅನೇಕ ವೇಳೆ ತಾಯಿಗೆ ತಾನು ಬಸುರಿಯೆಂದು ತಿಳಿಯುವ ಮೊದಲೇ. ಆದದರಿಂದ ಮಾತ್ರೆಯನ್ನು ಬಸುರಿಗೆ ಮೊದಲೇ ಆರಂಭಿಸತಕ್ಕದ್ದು. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ಡಿ ಜೀವಸತ್ವವು ಎಲುಬನ್ನು ಗಟ್ಟಿ ಮಾಡುವದು. ಅದರ ಕೊರತೆಯಿಂದ ಮಕ್ಕಳ ಕಾಲು ಬಾಗುವವು. ಆದರೂ ಕೊರೋನಾ ಕಾಲದಲ್ಲಿ ಅನೇಕರು ಅದೇ ಮಾತ್ರೆಯನ್ನು ತಾಯಿತದಂತೆ ನಂಬಿದರು. ಬ್ರಿಟನ್ನಿನಲ್ಲಿಯೂ ನಾರ್ವೆಯಲ್ಲಿಯೂ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ ಅದು ಆ ರೋಗವನ್ನು ತಡೆದದ್ದು ಕಾಣಲಿಲ್ಲ. ಕಾರಣವನ್ನು ಊಹಿಸುವದು ಸುಲಭ. ಪರೀಕ್ಷಿಸಿ ಅರಿಯುವದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಜ್ಞಾನವನ್ನೇ ಹೊಸ ಕಲ್ಲಾಗಿ ಮಾಡಿಕೊಂಡು, ಮಾತ್ರೆ ನುಂಗಲಿಲ್ಲ, ಲಸಿಕೆ ಹಾಕಿಸಲಿಲ್ಲ ಎಂದು ತಾಯಿಯನ್ನು ಜರೆದರೆ, ನಾವು ಶಿಷ್ಯರ ಹಳೆಯ ಪ್ರಶ್ನೆಗೇ ತಿರುಗಿದಂತಾಯಿತು. ಹುಟ್ಟುದೋಷಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇಂತಹದೇ ಕಾರಣವೆಂದು ವೈದ್ಯರೂ ತೋರಿಸಲಾರರು. ಕಾರಣವು ಬೇರೆ, ಅಪರಾಧವು ಬೇರೆ. ದೂಷಣೆಗೂ ನಿರಾಶೆಗೂ ಸಿಕ್ಕ ತಂದೆತಾಯಿಗಳು ಏನು ಮಾಡಲಾರರು? 2019ರ ಡಿಸೆಂಬರ 26ರ ಸೂರ್ಯಗ್ರಹಣದಲ್ಲಿ ಕಲಬುರ್ಗಿಯ ಸಮೀಪದ ತಾಜಸುಲ್ತಾನಪುರದಲ್ಲಿ, ಗುಣವಾದೀತೆಂಬ ಆಸೆಯಿಂದ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ವರೆಗೆ ಮಣ್ಣಿನಲ್ಲಿ ಹೂತರು. ಅವರನ್ನು ನಾವು ನಗತಕ್ಕದ್ದಲ್ಲ. ಅವರಿಗೆ ಪ್ರೀತಿಯ ಕೊರತೆಯಿರಲಿಲ್ಲ. ದಾರಿ ತೋರಿಸುವವರ ಕೊರತೆಯಿತ್ತು.

ಯೋಬನ ಸ್ನೇಹಿತರು ಏಳು ದಿನ ಅವನ ಬಳಿಯಲ್ಲಿ ಮೌನವಾಗಿ ಕೂತದ್ದು ಒಳ್ಳೆಯದಾಗಿತ್ತು. ಬಾಯಿ ತೆರೆದು ಅವನಲ್ಲಿ ಪಾಪ ಹುಡುಕಿದ್ದೇ ಕೆಟ್ಟದ್ದಾಯಿತು. ನಮ್ಮ ಕರ್ತನಾದರೋ, ಕುರುಡನ ಮೇಲೂ ಅವನ ಹೆತ್ತವರ ಮೇಲೂ ತಪ್ಪು ಹೊರಿಸದೆ, ದೇವರು ಅವನಲ್ಲಿ ಮಾಡಲಿದ್ದ ಕಾರ್ಯದ ಕಡೆಗೆ ಶಿಷ್ಯರ ಕಣ್ಣುಗಳನ್ನು ತಿರುಗಿಸಿದನು. ಒಡನೆ ಬೊಗ್ಗಿ ಕೆಸರು ಕಲಸಿ ಕೆಲಸಕ್ಕೆ ಕೈ ಹಚ್ಚಿದನು.

ನಮಗೂ ಕೆಲಸವುಂಟು. ಸೀಳುತುಟಿಯನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ತಿರುಚಿದ ಪಾದವನ್ನು ಎಳೆತನದಲ್ಲಿಯೇ ಪಟ್ಟಿ ಕಟ್ಟಿ ನೆಟ್ಟಗೆ ಮಾಡಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರುಷದ ವರೆಗಿನ ಮಕ್ಕಳಿಗೆ ತಪಾಸಣೆಯು ಧರ್ಮಾರ್ಥವಾಗಿ ನಡೆಯುವದು. ಇದನ್ನು ಊರ ಆಶಾ ಕಾರ್ಯಕರ್ತೆಯಿಂದ ತಿಳಿದು, ತಾಯಿಯ ಜೊತೆಯಲ್ಲಿ ಆಸ್ಪತ್ರೆಗೆ ಹೋಗಿರಿ. ಆ ದಿನ ಅವಳ ದನಕ್ಕೆ ಮೇವು ಹಾಕಿರಿ.

ಗುಣವಾಗದ ಕೂಸುಗಳೂ ಇರುವವು. ಅಂಥ ಕೂಸನ್ನು ಗುಡಿಸಲಿನ ಮೂಲೆಯಲ್ಲಿ ಅಡಗಿಸದೆ ಆರಾಧನೆಗೆ ಎತ್ತಿಕೊಂಡು ಬರುವ ಧೈರ್ಯವು ತಾಯಿಗೆ ಬರುವಂತೆ ನಾವು ನಡೆಯೋಣ. ಯಾರ ಪಾಪವೆಂದು ಕೇಳುವ ಬಾಯಿಗಳು ನಮ್ಮ ಸಭೆಯಲ್ಲಿ ಮುಚ್ಚಲಿ, ಕೂಸನ್ನು ಎತ್ತಿಕೊಳ್ಳುವ ಕೈಗಳು ಚಾಚಲಿ. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.