ಅಭಯ ಮೊದಲು, ಅಹಿಂಸೆ ಆಮೇಲೆ



ಏಪ್ರಿಲ್ 25ರ ಆನ್ಜಾಕ್ ದಿನ ಹತ್ತಿರವಾದಾಗ ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಕೇಳುವುದುಂಟು: "ಅಹಿಂಸೆಯೇ ಧರ್ಮ ಅಂತೀರಿ, ಮತ್ತೆ ಕೃಷ್ಣ ಅರ್ಜುನನಿಗೆ ಯುದ್ಧ ಮಾಡು ಅಂತ ಯಾಕೆ ಹೇಳಿದ?" ದೊಡ್ಡವನಾದ ಮೇಲೆ ತಿಳಿಯುತ್ತೆ ಎಂದು ತಳ್ಳಿಹಾಕುವ ಪ್ರಶ್ನೆಯಲ್ಲ ಇದು.

ಅರ್ಜುನ ಯುದ್ಧವನ್ನೇ ಒಲ್ಲದವನಲ್ಲ. ಎಷ್ಟೋ ಯುದ್ಧಗಳನ್ನು ಗೆದ್ದು ಬಂದವನು. ಕುರುಕ್ಷೇತ್ರದಲ್ಲಿ ಅವನ ಕೈ ನಡುಗಿದ್ದು ಎದುರಿಗಿದ್ದವರು "ನನ್ನವರು" ಎಂಬ ಕಾರಣಕ್ಕೆ. ಭಗವಂತ ತಿದ್ದಿದ್ದು ಆ ಮೋಹವನ್ನು, ಅಹಿಂಸೆಯನ್ನಲ್ಲ. ಅದೇ ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀ ಸಂಪತ್ತಿನ ಗುಣಗಳನ್ನು ಎಣಿಸುವಾಗ ಮೊದಲನೆಯ ಶ್ಲೋಕವನ್ನು ಅಭಯದಿಂದ ಆರಂಭಿಸುತ್ತಾನೆ, ಎರಡನೆಯದನ್ನು ಅಹಿಂಸೆಯಿಂದ. ಈ ಕ್ರಮವನ್ನು ಗಮನಿಸಬೇಕು. ಹೆದರಿ ಹಿಂದೆ ಸರಿದವನು ಅಹಿಂಸೆಯ ಹೆಸರು ಹೇಳಿದರೆ ಅದು ಬರೀ ನೆಪ.

ಇದಕ್ಕೆ ಉದಾಹರಣೆ ನಾವಿರುವ ಊರುಗಳಲ್ಲೇ ಇದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾ ಸರ್ಕಾರ ಹುಟ್ಟಿದ ದಿನಾಂಕಗಳ ಗೋಲಿಗಳನ್ನು ಲಾಟರಿಯಂತೆ ಎತ್ತಿ ಇಪ್ಪತ್ತು ವರ್ಷದ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿತ್ತು. 1966ರಲ್ಲಿ ಸಿಡ್ನಿಯ ವಿಲಿಯಂ ವೈಟ್ ಎಂಬ ಶಾಲಾ ಮೇಷ್ಟ್ರು, ಕೊಲ್ಲುವುದು ತಮ್ಮ ಮನಸ್ಸಾಕ್ಷಿಗೆ ಒಪ್ಪದೆಂದು ಬಹಿರಂಗವಾಗಿಯೇ ನಿರಾಕರಿಸಿದರು. ತಲೆಮರೆಸಿಕೊಳ್ಳಲಿಲ್ಲ. ನವೆಂಬರಿನಲ್ಲಿ ಪೊಲೀಸರು ಅವರನ್ನು ಮನೆಯಿಂದ ಎಳೆದೊಯ್ದರು. ಡಿಸೆಂಬರಿನಲ್ಲಿ ಅವರ ಆಕ್ಷೇಪಣೆ ಕಾನೂನಿನ ಮನ್ನಣೆ ಪಡೆದು ಬಿಡುಗಡೆಯಾಯಿತು.

ಮೆಲ್ಬರ್ನಿನ ಕಥೆ ತಾಯಂದಿರದು. 'ಸೇವ್ ಅವರ್ ಸನ್ಸ್' ಎಂಬ ಸಂಘಟನೆಯ ಐವರು ಹೆಂಗಸರು, ಸೇನೆಗೆ ಹೆಸರು ನೋಂದಾಯಿಸಲು ಬಂದ ಹುಡುಗರಿಗೆ ಸರ್ಕಾರಿ ಕಚೇರಿಯಲ್ಲಿ ಕರಪತ್ರ ಹಂಚಿದರು. ಅತಿಕ್ರಮ ಪ್ರವೇಶವೆಂದು ಹದಿನಾಲ್ಕು ದಿನದ ಶಿಕ್ಷೆ! 1971ರ ಈಸ್ಟರ್ ಹಬ್ಬವನ್ನು ಅವರು ಮನೆಮಕ್ಕಳನ್ನು ಬಿಟ್ಟು ಫೇರ್ಲೀ ಜೈಲಿನಲ್ಲಿ ಕಳೆದರು. ನಾವಾದರೋ ಪಾರ್ಕಿಂಗ್ ದಂಡದ ಚೀಟಿ ಕಂಡರೇ ಬೆವರುತ್ತೇವೆ. ಅವರಲ್ಲಿ ಜೀನ್ ಮೆಕ್ಲೀನ್, ಜೋನ್ ಕಾಕ್ಸೆಜ್ ಇಬ್ಬರೂ ಮುಂದೆ ವಿಕ್ಟೋರಿಯಾದ ಮೇಲ್ಮನೆಯ ಸದಸ್ಯರಾದರು. ಕಡ್ಡಾಯ ಸೇನಾಭರ್ತಿ 1972ರ ಡಿಸೆಂಬರಿನಲ್ಲಿ ಸರ್ಕಾರ ಬದಲಾದ ಕೂಡಲೇ ನಿಂತಿತು.

ಹಾಗೆಂದು ಯುದ್ಧದಲ್ಲಿ ಮಡಿದವರನ್ನು ಹಗುರವಾಗಿ ಕಾಣಬಾರದು. ವಿಯೆಟ್ನಾಂನಲ್ಲಿ ಐನೂರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಪ್ರಾಣ ಕೊಟ್ಟರು. ಆನ್ಜಾಕ್ ದಿನದ ಮುಂಜಾವಿನ ಸ್ಮರಣೆಗೆ ಮಕ್ಕಳನ್ನು ಅವಶ್ಯವಾಗಿ ಕರೆದುಕೊಂಡು ಹೋಗಿ. ಹಿಂತಿರುಗುವಾಗ ಕಾರಿನಲ್ಲಿ ಬಾಹುಬಲಿಯ ಕಥೆ ಹೇಳಿ. ಜೈನರ ಕಥೆಯಾದರೂ ಕನ್ನಡಿಗರೆಲ್ಲರ ಮನೆಯ ಕಥೆ ಅದು. ಸೈನಿಕರು ವೃಥಾ ಸಾಯುವುದು ಬೇಡವೆಂದು ಎರಡೂ ಕಡೆಯ ಮಂತ್ರಿಗಳು ಅಣ್ಣತಮ್ಮಂದಿರಿಬ್ಬರನ್ನೇ ಸೆಣಸಲು ಒಪ್ಪಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ಬಾಹುಬಲಿ, ಸೋತ ಅಣ್ಣ ಭರತನಿಗೇ ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೊರಟ. ಶ್ರವಣಬೆಳಗೊಳದಲ್ಲಿ ಅವನ ಮೂರ್ತಿಯನ್ನು ಹತ್ತನೆಯ ಶತಮಾನದಲ್ಲಿ ಕಡೆಸಿದ ಚಾವುಂಡರಾಯ, ಯುದ್ಧಗಳನ್ನು ಗೆದ್ದ ಗಂಗರ ಸೇನಾಪತಿ. ಅದನ್ನೂ ಹೇಳಿ, ಮಕ್ಕಳ ಮುಂದಿನ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.